ಚಂದ್ರನ ಬ್ಯಾನಿ

ಲಕ್ಷ್ಮೇಶ್ವರದ ಬಜಾರದ ಹಿಂದಿನ ಓಣಿಯಲ್ಲಿ ನಾನು ಬಾಡಿಗೆಗಿದ್ದ ಖೋಲಿ ಒಬ್ಬ ವಾಚ್ ರಿಪೇರಿಯವರ ಮನೆಗೆ ಸೇರಿದ್ದು. ಎಪ್ಪತ್ತರ ದಶಕದ ಮೊದಮೊದಲ ವರ್ಷಗಳವು. ಗದಗಿನಲ್ಲಿ ಓದು ಮುಗಿಸಿ ಅಲ್ಲಿಯ ಹೆಣ್ಣುಮಕ್ಕಳ ಶಾಲೆಗೆ ವಿಜ್ಞಾನ ಕಲಿಸಲು ಹೋಗಿದ್ದೆ. ಮದುವೆಯಾಗದ ಹುಡುಗಿಯೊಬ್ಬಳಿಗೆ ಖೋಲಿ ಕೊಡಲು ಜನ ಹಿಂದೆಮುಂದೆ ನೋಡುತ್ತಿದ್ದ ಕಾಲ. ಊರೆಲ್ಲ ತಿರುಗಿ ಸೋತ ಮೇಲೆ ಆ ಮನೆಯ ಯಜಮಾನಿ ಕೀಲಿಕೈ ತಂದು ನನ್ನ ಮುಂದಿಟ್ಟು, ನಿಮ್ಮ ಮಂದಿ ಏನಾದರೂ ಅಂದರೆ ಅದನ್ನು ನೀನೇ ನೋಡಿಕೋ, ನಮ್ಮದೇನೂ ಅಡ್ಡಿಯಿಲ್ಲ ಎಂದರು. ನನ್ನ ತಾಯಿ ಗದಗಿನಿಂದ ಬಂದು ಖೋಲಿ ನೋಡಿ, ಬಾಗಿಲಿನ ಅಗಳಿ ಹಾಕಿ ತೆಗೆದು ಪರೀಕ್ಷೆ ಮಾಡಿ ಒಪ್ಪಿದಳು. ಅವರ ಮನೆಯ ಚಹಾ ಮಾತ್ರ ಬೇಡವೆಂದಳು. ಎರಡನೆಯ ಸಲ ಬಂದಾಗ ಅದನ್ನೂ ಕುಡಿದಳು.

ಅವರನ್ನು ನಾನು ಚಾಚಾ, ಚಾಚಿ ಎಂದು ಕರೆಯುತ್ತಿದ್ದೆ. ಅವರಿಗೊಬ್ಬಳೇ ಮಗಳು. ನನ್ನ ಶಾಲೆಯಲ್ಲಿ, ನನ್ನದೇ ತರಗತಿಯಲ್ಲಿ ಓದುತ್ತಿದ್ದಳು. ಮನೆಯಲ್ಲಿ ಅವರು ತಮ್ಮತಮ್ಮಲ್ಲಿ ಉರ್ದು ಆಡುತ್ತಿದ್ದರು. ನಾನು ಅಂಗಳಕ್ಕೆ ಬಂದರೆ ಮಾತು ತಾನಾಗಿ ಕನ್ನಡಕ್ಕೆ ತಿರುಗುತ್ತಿತ್ತು. ಚಾಚಿ ನನ್ನನ್ನು ಬೇಟಿ ಎನ್ನುತ್ತಿದ್ದರು. ಚಾಚಾ ಮಾತ್ರ ಕೊನೆಯವರೆಗೂ 'ಅಕ್ಕೋರ' ಎಂದೇ ಕರೆದರು. ಮಗಳ ಶಿಕ್ಷಕಿ ಎಂಬ ಮರ್ಯಾದೆಯನ್ನು ಅವರು ಒಂದು ದಿನವೂ ಸಡಿಲಿಸಲಿಲ್ಲ.

ಬಟ್ಟೆ ಅಂಗಡಿಯೊಂದರ ಕಟ್ಟೆಯ ಮೇಲೆ ಚಾಚಾ ಅವರ ಗಾಜಿನ ಪೆಟ್ಟಿಗೆ ಇತ್ತು. ಅದರ ಹಿಂದೆ ಕುಳಿತು, ಬಲಗಣ್ಣಿಗೆ ಕರಿಯ ಭೂತಗನ್ನಡಿ ಸಿಕ್ಕಿಸಿಕೊಂಡು, ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಕೈಗಡಿಯಾರಗಳ ಮೇಲೆ ಬಾಗಿರುತ್ತಿದ್ದರು. ಶಿರಹಟ್ಟಿ, ಬಾಳೆಹೊಸೂರುಗಳಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಮನೆಗೆ ಬಂದಮೇಲೂ ಬಲಗಣ್ಣಿನ ಸುತ್ತ ಆ ಗಾಜು ಒತ್ತಿದ ಬಳೆಯಂಥ ಗುರುತು ಬಹಳ ಹೊತ್ತು ಉಳಿಯುತ್ತಿತ್ತು.

ಮನುಷ್ಯ ಚಂದ್ರನ ಮೇಲೆ ಇಳಿದು ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ಪತ್ರಿಕೆಯಲ್ಲಿ ಬಂದ ಚಿತ್ರವೊಂದನ್ನು ಕತ್ತರಿಸಿ ಇಟ್ಟುಕೊಂಡಿದ್ದೆ. ಮೂವರು ಗಂಡಸರು ಗಾಜಿನ ಕಿಟಕಿಯ ಹಿಂದೆ ನಗುತ್ತ ಕುಳಿತಿದ್ದಾರೆ, ಅವರ ಹೆಂಡಂದಿರು ಹೊರಗೆ ನಿಂತಿದ್ದಾರೆ. ಅದನ್ನು ತರಗತಿಗೆ ಒಯ್ದೆ. ಇಷ್ಟು ದೊಡ್ಡ ಕೆಲಸ ಮಾಡಿ ಬಂದವರನ್ನು ಯಾಕೆ ಕೂಡಿಹಾಕಿದ್ದಾರೆ ಎಂದು ಚಾಚಾ ಅವರ ಮಗಳೇ ಕೇಳಿದಳು. ಚಂದ್ರನ ಮೇಲೆ ನಮಗೆ ಗೊತ್ತಿಲ್ಲದ ಯಾವುದಾದರೂ ರೋಗದ ಕ್ರಿಮಿ ಇದ್ದರೆ ಅದು ಇವರ ಜೊತೆ ಬಂದಿರಬಹುದು, ಅದಕ್ಕೇ ಕೆಲವು ವಾರ ಯಾರನ್ನೂ ಮುಟ್ಟಗೊಡುವುದಿಲ್ಲ, ತಂದ ಮಣ್ಣನ್ನೂ ಮೊದಲು ಇಲಿಗಳಿಗೆ, ಸಸಿಗಳಿಗೆ ಸೋಂಕಿಸಿ ನೋಡುತ್ತಾರೆ ಎಂದು ಹೇಳಿದೆ.

ತರಗತಿ ಸದ್ದಿಲ್ಲದಂತಾಯಿತು. ಹೊಸ ಶಿಕ್ಷಕಿಗೆ ಅಂಥ ಮೌನ ಸಿಗುವುದು ಅಪರೂಪ. ಅದನ್ನು ಕಳೆದುಕೊಳ್ಳಲು ಮನಸ್ಸಾಗದೆ ಇನ್ನಷ್ಟು ಬೆಳೆಸಿದೆ. ಅಂಥ ರೋಗ ಬಂದರೆ ನಮ್ಮ ಮೈಗೆ ಅದರ ಪರಿಚಯವೇ ಇರುವುದಿಲ್ಲ, ಯಾವ ದವಾಖಾನೆಯಲ್ಲೂ ಅದಕ್ಕೆ ಔಷಧ ಇರುವುದಿಲ್ಲ ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅಷ್ಟು ಹೇಳುವ ಅಗತ್ಯವೂ ಇರಲಿಲ್ಲ.

ಆ ಸಂಜೆ ಹುಡುಗಿ ಮನೆಯಲ್ಲಿ ಎಲ್ಲವನ್ನೂ ಒಪ್ಪಿಸಿದಳು. ಚಾಚಾ ಅಂಗಳದ ಹೊರಸಿನ ಮೇಲೆ ಕುಳಿತು ಕೇಳಿಸಿಕೊಂಡು, ನಾನು ನೀರು ಸೇದಲು ಬಂದಾಗ ತಡೆದು ಕೇಳಿದರು.

"ಅಕ್ಕೋರ, ಅಲ್ಲಿಂದ ಇಲ್ಲಿಗೆ ಬ್ಯಾನಿ ತರಬಾರದು ಅಂತ ಅವರನ್ನ ಕೂಡಿಹಾಕಿದ್ರು, ಖರೆ. ಇಲ್ಲಿಂದ ಅಲ್ಲಿಗೆ ಹೋಗೂ ಮುಂದ ಯಾರರ ನೋಡಿದ್ರೇನ್ರಿ? ಅಲ್ಲಿ ಯಾವದರ ಒಂದು ಜೀವ ಇದ್ದಿದ್ರ ಅದರ ಗತಿ ಏನು?"

ಚಂದ್ರನ ಮೇಲೆ ಯಾವ ಜೀವವೂ ಇಲ್ಲ ಚಾಚಾ, ಬರೀ ಧೂಳು ಎಂದೆ.

"ಇಲ್ಲ ಅನ್ನೂದು ಹೋದ ಮ್ಯಾಲ ಗೊತ್ತಾತಲ್ರಿ" ಎಂದರು ಅವರು. ನಾನು ನಕ್ಕು ಕೊಡ ಎತ್ತಿಕೊಂಡು ಹೋದೆ.

ಮರುವರ್ಷ ಕಣ್ಣುಬೇನೆ ಬಂತು. ಮುಂಬಯಿ ಕಡೆಯಿಂದ ಬಂತೆಂದು ಕೆಲವರು, ಸೊಲ್ಲಾಪುರದಿಂದ ಎಂದು ಕೆಲವರು. ನೋಡನೋಡುವುದರಲ್ಲಿ ಗದಗ-ಬೆಟಗೇರಿಯ ಮಗ್ಗದ ಮನೆಗಳಲ್ಲಿ ಹಬ್ಬಿತು. ಇದು ವರ್ಷವರ್ಷ ಬರುವ ಕಣ್ಣುಬೇನೆಯಂತಿರಲಿಲ್ಲ. ಕಣ್ಣಿನ ಬಿಳಿಯಲ್ಲಿ ರಕ್ತ ಒಸರಿ ಹರಡುತ್ತಿತ್ತು, ರೆಪ್ಪೆಗಳು ಬಾತುಕೊಂಡು ಮುಚ್ಚಿಹೋಗುತ್ತಿದ್ದವು. ಬೇನೆ ಬಂದವರ ಕಣ್ಣನ್ನು ನೋಡಿದರೇ ಹತ್ತುತ್ತದೆಂದು ಜನ ಎದುರು ಬಂದವರಿಗೆ ಮುಖ ತಿರುಗಿಸುತ್ತಿದ್ದರು.

ನಾನು ಆ ಭಾನುವಾರ ತಾಯಿಯನ್ನು ನೋಡಲು ಗದಗಿಗೆ ಹೋಗಿದ್ದೆ. ಸೋಮವಾರ ಬೆಳಗಿನ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಮುಳಗುಂದ ದಾಟುವ ಹೊತ್ತಿಗೆ ಕಣ್ಣಿನಲ್ಲಿ ಮರಳು ಬಿದ್ದಂತೆ ಚುಚ್ಚತೊಡಗಿತು. ಧೂಳು ಎಂದುಕೊಂಡೆ. ಮನೆಗೆ ಬಂದು ತಣ್ಣೀರಿನಿಂದ ತೊಳೆದರೂ ಹೋಗಲಿಲ್ಲ. ಚಾಚಿ ನನ್ನ ಮುಖ ನೋಡಿ, ಬಸ್ಸಿನ ಉಷ್ಣ ಅದು, ಬಾ ಎಂದು ಕರೆದು, ಮಡಿಲಲ್ಲಿ ತಲೆ ಇಡಿಸಿಕೊಂಡು ಎರಡೂ ಕಣ್ಣಿಗೆ ಸುರ್ಮಾ ಎಂಬ ಕಾಡಿಗೆಯನ್ನು ಕಡ್ಡಿಯಿಂದ ಹಚ್ಚಿದರು. ತಂಪೆನಿಸಿತು. ಅದೇ ಹೊತ್ತಿಗೆ ಚಾಚಾ ಅಂಗಡಿಗೆ ಹೊರಟಿದ್ದರು. ದಿನದ ರೂಢಿಯಂತೆ ಅವರೂ ಬಾಗಿ ನಿಂತರು. ಚಾಚಿ ಅದೇ ಕಡ್ಡಿಯನ್ನು ಸೆರಗಿನಿಂದ ಒರೆಸಿ ಅವರ ಕಣ್ಣಿಗೂ ಎಳೆದರು. ನಾನು ಅಲ್ಲಿಯೇ ಇದ್ದೆ. ವಿಜ್ಞಾನ ಕಲಿಸುವವಳು, ಬೆಟಗೇರಿಯಲ್ಲಿ ಏನು ಹಬ್ಬಿದೆ ಎಂದು ಬಲ್ಲವಳು, ಕಣ್ಣು ಮುಚ್ಚಿಕೊಂಡು ತಂಪಿನ ಸುಖ ಅನುಭವಿಸುತ್ತಿದ್ದೆ.

ಸಂಜೆಗೆ ನನ್ನ ಕಣ್ಣುಗಳು ತೆರೆಯಲಾಗದಂತಾದವು. ಮರುದಿನ ಚಾಚಾ ಅವರಿಗೆ ಚುಚ್ಚಲು ಸುರುವಾಯಿತು. ಮದುವೆಯ ದಿನಗಳು, ಒಪ್ಪಿಕೊಂಡ ಕೆಲಸ ಬಹಳವಿತ್ತು. ಅವರು ಕಣ್ಣು ಒರೆಸಿಕೊಳ್ಳುತ್ತಲೇ ಅಂಗಡಿಗೆ ಹೋದರು, ಅದರ ಮರುದಿನವೂ ಹೋದರು. ಬೇನೆಯ ಕಣ್ಣಿಗೇ ಆ ಭೂತಗನ್ನಡಿಯನ್ನು ಒತ್ತಿಕೊಂಡು ಕೆಲಸ ಮಾಡಿದರು.

ನಾನು ಖೋಲಿಯ ಕತ್ತಲೆಯಲ್ಲಿ ಒದ್ದೆ ಬಟ್ಟೆ ಕಣ್ಣಿಗೆ ಹಾಕಿಕೊಂಡು ಮಲಗಿದ್ದಾಗ ಊರಲ್ಲಿ ಒಂದು ಸುದ್ದಿ ಹುಟ್ಟಿತ್ತು. ಇದು ಚಂದ್ರನ ಬ್ಯಾನಿ. ಅಲ್ಲಿ ಕಾಲಿಟ್ಟು ಬಂದವರು ತಂದದ್ದು. ಗಾಜಿನ ಮನೆಯಲ್ಲಿ ಎಷ್ಟು ದಿನ ಕೂಡಿಹಾಕಿದರೂ ತಪ್ಪಿಸಿಕೊಂಡು ಬಂದೇ ಬಿಟ್ಟಿತು. ಮುಟ್ಟಬಾರದವನನ್ನು ಮುಟ್ಟಿದ್ದಕ್ಕೆ ಅವನು ಮನುಷ್ಯರ ಕಣ್ಣಿಗೇ ಕೈ ಹಾಕಿದ ಎಂದು ಮುದುಕಿಯರು ತಮ್ಮದನ್ನೂ ಸೇರಿಸಿದರು. ನಿಮಗ್ಯಾರು ಹೇಳಿದರು ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಹೆಣ್ಣುಮಕ್ಕಳ ಸಾಲಿ ಅಕ್ಕೋರು ಹೇಳ್ಯಾರ. ಇದಕ್ಕೆ ದವಾಖಾನೆಯಲ್ಲಿ ಔಷಧ ಇಲ್ಲ ಅಂತಲೂ ಅವರೇ ಹೇಳ್ಯಾರ.

ಈ ಸುದ್ದಿಯನ್ನು ನನಗೆ ತಂದು ಹೇಳಿದವಳು ಚಾಚಾ ಅವರ ಮಗಳು. ಹೆಮ್ಮೆಯಿಂದಲೇ ಹೇಳಿದಳು. ಅವಳ ಅಕ್ಕೋರು ಮೊದಲೇ ಹೇಳಿದ್ದು ನಿಜವಾಗಿತ್ತಲ್ಲ. ಹಾಗಲ್ಲ, ಇದು ಇಲ್ಲಿಯದೇ ಬೇನೆ, ಸುಮ್ಮನಿದ್ದರೂ ವಾರದಲ್ಲಿ ಹೋಗುತ್ತದೆ ಎಂದು ಅವಳಿಗೆ ಬಿಡಿಸಿ ಹೇಳಿದೆ. ಚಾಚಿಗೂ ಹೇಳಬೇಕಿತ್ತು. ಎದ್ದು ಅಂಗಳಕ್ಕೆ ಹೋಗಿ ಹೇಳಬಹುದಿತ್ತು. ಇನ್ನು ಯಾರಿಗೂ ಹತ್ತಿಸುವುದು ಬೇಡವೆಂದು ಬಾಗಿಲು ಹಾಕಿಕೊಂಡು ಒಳಗೇ ಉಳಿದೆ. ಆಗ ಅದೇ ಸರಿ ಎನಿಸಿತ್ತು.

ಆ ಬಾಗಿಲಿನ ಆಚೆ ಚಾಚಿ ತಮಗೆ ತಿಳಿದದ್ದನ್ನು ಮಾಡುತ್ತಿದ್ದರು. ದವಾಖಾನೆಯಲ್ಲಿ ಔಷಧ ಇಲ್ಲವೆಂದಮೇಲೆ ಅಲ್ಲಿಗೆ ಯಾಕೆ ಹೋಗಬೇಕು? ಯಾರೋ ಹೇಳಿದ ಸೊಪ್ಪಿನ ರಸ ತಂದು ಚಾಚಾ ಅವರ ಕಣ್ಣಿಗೆ ಹಿಂಡಿದರು. ಎಡಗಣ್ಣು ತಡೆದುಕೊಂಡಿತು. ದಿನವೂ ಗಾಜು ಒತ್ತಿ ತರಚಿದ ಬಲಗಣ್ಣು ಹುಣ್ಣಾಯಿತು. ಬೇನೆ ಕಡಿಮೆಯಾಗಿ ನಾನು ಹೊರಗೆ ಬಂದಾಗ ಅವರು ಗೋಡೆಗೆ ಮುಖ ಮಾಡಿ ಕುಳಿತಿದ್ದರು. ಬೆಳಕಿಗೆ ತಿರುಗಿಸಿ ನೋಡಿದೆ. ಕಣ್ಣಿನ ಕರಿಯ ಭಾಗದ ಮೇಲೆ ಬೆಳ್ಳಗೆ ಒಂದು ಚುಕ್ಕೆ ಕೂತಿತ್ತು.

ಅಂದೇ ಗದಗಿಗೆ ಕರೆದುಕೊಂಡು ಹೋದೆವು. ದವಾಖಾನೆಯ ಡಾಕ್ಟರು ಪರೀಕ್ಷೆ ಮಾಡಿ, ಹುಣ್ಣು ಮಾಯುತ್ತದೆ, ಕಣ್ಣಿಗೆ ಕೂತ ಬಿಳಿಯ ಹೂವು ಹೋಗುವುದಿಲ್ಲ ಎಂದರು. ಮೊದಲ ದಿನಗಳಲ್ಲೇ ಯಾಕೆ ತರಲಿಲ್ಲ ಎಂದು ಕೇಳಿದರು. ಚಾಚಿ ಸೆರಗು ಬಾಯಿಗಿಟ್ಟುಕೊಂಡು ನನ್ನ ಕಡೆ ನೋಡಿದರು. ಆ ನೋಟದಲ್ಲಿ ದೂರು ಇರಲಿಲ್ಲ. ಓದಿದವಳು, ಏನಾದರೂ ಸರಿಯಾದ ಉತ್ತರ ಕೊಟ್ಟಾಳು ಎಂದು ನೋಡಿದ್ದು ಅಷ್ಟೇ. ನಾನು ಔಷಧದ ಚೀಟಿಗೆ ಕೈ ಚಾಚಿದೆ.

ಶಾಲೆಗೆ ಮರಳಿದ ದಿನ ಹೆಡ್‌ಮಾಸ್ತರರು ಕರೆದು, ಪಾಠದಲ್ಲಿದ್ದಷ್ಟೇ ಹೇಳಿರಿ ಎಂದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆನೇನೋ. ಬೇನೆ ಬಂದ ಬೇರೆಯವರಿಗೆಲ್ಲ ಅದು ತಾನಾಗಿ ವಾಸಿಯಾಯಿತು, ಊರು ಮರೆಯಿತು. ನಮ್ಮ ಮನೆಯಲ್ಲಿ ಮಾತ್ರ ಒಂದು ಕಣ್ಣು ಹೋಯಿತು.

ಎಡಗಣ್ಣಿಗೆ ಗಾಜು ಸಿಕ್ಕಿಸಿಕೊಂಡು ಕೆಲಸ ಮಾಡಲು ಚಾಚಾ ಕೆಲವು ತಿಂಗಳು ಪ್ರಯತ್ನಪಟ್ಟರು. ಕೈ ಮತ್ತು ಕಣ್ಣಿನ ಹೊಂದಿಕೆ ತಪ್ಪಿತ್ತು. ಸಣ್ಣ ತಿರುಪುಗಳು ಚಿಮಟದಿಂದ ಜಾರಿ ಬೀಳುತ್ತಿದ್ದವು. ಸಂಜೆ ಮಗಳು ಕಟ್ಟೆಯ ಮೇಲೆ ಮೊಣಕಾಲೂರಿ ಅವನ್ನು ಹುಡುಕುತ್ತಿದ್ದಳು. ಕೊನೆಗೆ ಕೈಗಡಿಯಾರ ಬಿಟ್ಟು ಗೋಡೆ ಗಡಿಯಾರ, ಗಜರು ಹೊಡೆದು ಎಬ್ಬಿಸುವ ಗಡಿಯಾರಗಳನ್ನಷ್ಟೇ ತೆಗೆದುಕೊಳ್ಳತೊಡಗಿದರು. ಅಂಥವು ಊರಲ್ಲಿ ಎಷ್ಟಿದ್ದಾವು? ಚಾಚಿ ಮನೆಯಲ್ಲಿ ಹೊಲಿಗೆ ಹಿಡಿದರು. ನನ್ನ ಬಾಡಿಗೆ ಹೆಚ್ಚಿಸಿಕೊಳ್ಳಿ ಎಂದು ಕೇಳಿಕೊಂಡೆ. ಒಪ್ಪಲಿಲ್ಲ. ಎರಡು ವರ್ಷದ ಮೇಲೆ ನನಗೆ ಮದುವೆಯಾಗಿ ಮುಂಡರಗಿಗೆ ಹೊರಟಾಗ ಚಾಚಿಯೇ ನನ್ನ ಟ್ರಂಕನ್ನು ಕಟ್ಟಿಕೊಟ್ಟರು. ಆ ಮನೆಯಿಂದ ಹೊರಬೀಳುತ್ತಿದ್ದೇನೆಂದು ನನ್ನೊಳಗೆ ಒಂದು ಬಿಡುಗಡೆಯ ಭಾವ ಬಂತು. ಅದನ್ನು ಗುರುತಿಸಿ ಇನ್ನಷ್ಟು ಕುಗ್ಗಿದೆ.

ನನ್ನ ಗಂಡ ಕೃಷಿ ಇಲಾಖೆಯಲ್ಲಿದ್ದರು. ಒಂದು ಮಧ್ಯಾಹ್ನ ಕಪ್ಪತಗುಡ್ಡದ ಕಡೆಯ ಹೊಲವೊಂದರಲ್ಲಿ ಮುರುಟು ರೋಗ ಬಂದ ಮೆಣಸಿನ ಗಿಡಗಳನ್ನು ನೋಡಲು ಹೋದಾಗ ನಾನೂ ಜೊತೆಗಿದ್ದೆ. ಎಲೆಗಳೆಲ್ಲ ದೋಣಿಯಂತೆ ಮಡಚಿಕೊಂಡಿದ್ದವು. ಹೊಲದ ಹೆಂಗಸರು ಅವುಗಳ ನಡುವೆಯೇ ಕೂಸುಗಳನ್ನು ಮಲಗಿಸಿ ಕೆಲಸ ಮಾಡುತ್ತಿದ್ದರು. ಈ ರೋಗ ಅವರಿಗೆ ಹತ್ತುವುದಿಲ್ಲವೇ ಎಂದು ನಾನು ಕೇಳಿದ್ದು ನನ್ನ ಗಂಡನಿಗೆ ತಮಾಷೆಯಾಗಿ ಕಂಡಿರಬೇಕು. ಬೇನೆ ಹತ್ತಲೂ ಬಳಗ ಬೇಕು ಎಂದರು. ಗಿಡದ ಮೈಯೊಳಗೆ ಹೊಕ್ಕು ಬೆಳೆಯುವುದನ್ನು ಕಲಿತದ್ದಕ್ಕೆ ನಮ್ಮ ಮೈಯ ಬಾಗಿಲು ತೆರೆಯಲು ಬರುವುದಿಲ್ಲ. ಒಂದೇ ನೆಲದ ಗಿಡಕ್ಕೂ ನಮಗೂ ಇಷ್ಟು ದೂರವಿದ್ದರೆ, ಬೇರೆ ಲೋಕದಲ್ಲಿ ಜೀವ ಇದ್ದರೂ ಅದರ ರೋಗ ನಮಗೆ, ನಮ್ಮದು ಅದಕ್ಕೆ ಹತ್ತುವುದು ಸುಲಭವಲ್ಲ. ಹಾಗಂತ ಆಣೆ ಮಾಡಿ ಹೇಳಲೂ ಆಗುವುದಿಲ್ಲ, ರೊಟ್ಟಿಯ ಮೇಲೆ ಬೆಳೆಯುವ ಬೂಷ್ಟಿಗೆ ಬಳಗ ಬೇಕಿಲ್ಲ, ಹಸಿ ಜಾಗ ಇದ್ದರೆ ಸಾಕು ಎಂದೂ ಸೇರಿಸಿದರು.

ನಾನು ಗಿಡಗಳ ನಡುವೆ ನಿಂತೇ ಇದ್ದೆ. ಇಷ್ಟನ್ನು ಅಂದು ತರಗತಿಯಲ್ಲಿ ಹೇಳಿದ್ದರೆ ಸಾಕಿತ್ತು. ಮಕ್ಕಳಿಗೆ ಅರ್ಥವೂ ಆಗುತ್ತಿತ್ತು. ಅವರಲ್ಲಿ ಬಹಳ ಮಂದಿಯ ಮನೆಯವರು ಮೆಣಸಿನಕಾಯಿ ಬೆಳೆಯುವವರೇ.

ಕೆಲವು ಯಾನಗಳ ಬಳಿಕ ಚಂದ್ರನಿಂದ ಬಂದವರನ್ನು ಕೂಡಿಹಾಕುವುದನ್ನೇ ಬಿಟ್ಟರೆಂದೂ, ಮಂಗಳನ ಮೇಲೆ ಇಳಿಸಲು ಕಳಿಸಿದ ಯಂತ್ರಗಳನ್ನು ಮಾತ್ರ ನಮ್ಮ ಕ್ರಿಮಿಗಳು ಅಲ್ಲಿಗೆ ಹೋಗಬಾರದೆಂದು ಮೊದಲೇ ಭಟ್ಟಿಯಲ್ಲಿಟ್ಟು ಕಾಯಿಸಿದರೆಂದೂ ಆಮೇಲೆ ಎಲ್ಲೋ ಓದಿದೆ. ಚಾಚಾ ಕೇಳಿದ್ದ ಮಾತಿಗೆ ಅದು ಉತ್ತರವಾಗಿತ್ತು. ಲಕ್ಷ್ಮೇಶ್ವರಕ್ಕೆ ಹೋದಾಗ ಅವರಿಗೆ ಹೇಳಿದೆ. ಮೆಣಸಿನ ಗಿಡದ ಮಾತನ್ನೂ ಹೇಳಿದೆ.

ಅವರು ಬಿಚ್ಚಿದ ಗೋಡೆ ಗಡಿಯಾರವನ್ನು ಪಕ್ಕಕ್ಕಿಟ್ಟು ಕೇಳಿದರು. ಕಾಯಿಸಿ ಕಳಿಸಿದ್ದು ಒಳ್ಳೆಯದಾಯಿತು ಎಂದರು. ಆಮೇಲೆ, ನಾನು ಎಂದೂ ಕೇಳದ ಒಂದು ಸಂಗತಿಯನ್ನು ಹೇಳಿದರು. ಆ ಎರಡು ದಿನ ಬೇನೆಯ ಕಣ್ಣಿನಲ್ಲೇ ಅಂಗಡಿಗೆ ಹೋದಾಗ ಒಬ್ಬ ಬಾಣಂತಿಯ ತಂದೆ ವಾಚು ಒಯ್ಯಲು ಬಂದಿದ್ದನಂತೆ. ಚಾಚಾ ಕಣ್ಣೊರೆಸಿದ ಕೈಯಿಂದಲೇ ಅದನ್ನು ಅವನ ಕೈಗಿಟ್ಟರಂತೆ. ಆಮೇಲೆ ಆ ಮನೆಯಲ್ಲಿ ಕೂಸಿಗೂ ಬೇನೆ ಬಂತೆಂದು ತಿಳಿಯಿತು.

"ಕೂಸಿನ ಕಣ್ಣಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದ್ರ ನನ್ನ ಕಣ್ಣು ಹೋದದ್ದಕ್ಕಿಂತ ಅದ ನನಗ ಜಾಸ್ತಿ ಕೊರಿತೈತ್ರಿ, ಅಕ್ಕೋರ. ಇಕಿನ್ನ ನೋಡ್ರಿ, ಅವತ್ತಿನಿಂದ ಮನ್ಯಾಗ ಸುರ್ಮಾ ಅಂಬೂದನ್ನ ಮುಟ್ಟಿಲ್ಲ. ಎಲ್ಲಾ ತನ್ನ ಕೈಲೇ ಆತು ಅಂತಾಳ."

ಚಾಚಿ ಹೊಲಿಗೆಯಿಂದ ತಲೆ ಎತ್ತಲಿಲ್ಲ. ತಪ್ಪು ನನ್ನದು, ನಾನು ತಂದದ್ದು, ನಾನೇ ಔಷಧವಿಲ್ಲ ಎಂದದ್ದು ಎಂದು ನಾನು ಹೇಳತೊಡಗಿದೆ. ಚಾಚಾ ಕೈ ಅಡ್ಡ ಮಾಡಿದರು. ಬಸ್ಸಿನಲ್ಲಿ ನಿಮಗೆ ಯಾರು ಕೊಟ್ಟರು ಎಂದು ಕೇಳಿದರು. ಅದನ್ನು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ನಾವು ಮೂವರೂ ನಮ್ಮಿಂದ ಮುಂದಕ್ಕೆ ಯಾರಿಗೆ ಹೋಯಿತೆಂದು ಲೆಕ್ಕ ಹಾಕಿದ್ದೆವೇ ಹೊರತು, ನಮಗೆ ಕೊಟ್ಟವರ ಮುಖ ಯಾರಿಗೂ ಬೇಕಾಗಿರಲಿಲ್ಲ.

ಈಗ ಸೆಲ್ ಹಾಕಿದ ವಾಚು ಬರುತ್ತಿವೆ, ಅವನ್ನು ಯಾರೂ ರಿಪೇರಿ ಮಾಡಿಸುವುದಿಲ್ಲ, ಎರಡು ಕಣ್ಣಿದ್ದರೂ ನನ್ನ ಕೆಲಸ ಹೋಗುತ್ತಿತ್ತು ಎಂದು ಅವರು ನನ್ನನ್ನು ಸಮಾಧಾನ ಮಾಡಿದರು. ಅದೂ ನಿಜವೇ. ನನಗೆ ಮಾತ್ರ ಸಮಾಧಾನವಾಗಲಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ, ನಾವು ಶಿರಹಟ್ಟಿಗೆ ಬಂದ ಮೇಲೆ, ಅವರ ಮಗಳ ಮದುವೆ ಗೊತ್ತಾಯಿತು. ಹುಡುಗಿ ಸ್ವತಃ ಬಂದು, ನೀವು ಹಿಂದಿನ ದಿನವೇ ಬಂದು ನನ್ನ ಪಕ್ಕ ಕೂಡ್ರಬೇಕು ಎಂದು ಮಾತು ತೆಗೆದುಕೊಂಡು ಹೋದಳು. ಆ ತಿಂಗಳು ಕಣ್ಣುಬೇನೆ ಮತ್ತೆ ಬಂದಿತ್ತು. ಈ ಸಲ ಯಾರೂ ಚಂದ್ರನ ಹೆಸರು ಹೇಳಲಿಲ್ಲ. ಹೊರಡುವ ದಿನ ಬೆಳಿಗ್ಗೆ ಎದ್ದಾಗ ನನ್ನ ಕಣ್ಣಲ್ಲಿ ಮರಳು ಹೊರಳಿದಂತಾಯಿತು. ಸೀರೆ, ಬಳೆ ಎಲ್ಲ ಚೀಲದಲ್ಲಿ ತುಂಬಿ ಇಟ್ಟಿದ್ದೆ. ಚೀಲವನ್ನು ಬಿಚ್ಚಿದೆ. ಲಕ್ಷ್ಮೇಶ್ವರಕ್ಕೆ ಹೊರಟಿದ್ದ ಜೊತೆಯ ಶಿಕ್ಷಕಿಯೊಬ್ಬಳಿಗೆ ಕಿಟಕಿಯಿಂದಲೇ ಹೇಳಿ ಕಳಿಸಿದೆ. ನನ್ನ ಗಂಡನನ್ನೂ ಹೋಗಗೊಡಲಿಲ್ಲ. ಆ ಮನೆಗೆ ಮತ್ತೊಮ್ಮೆ ಅದನ್ನು ಒಯ್ಯಲು ನನ್ನಿಂದ ಸಾಧ್ಯವಿರಲಿಲ್ಲ.

ಮದುವೆಯಾದ ಮೂರನೆಯ ದಿನ ಚಾಚಿ ಬಸ್ಸು ಹತ್ತಿ ಬಂದರು. ಕೈಯಲ್ಲಿ ಮದುವೆಯ ಸಿಹಿಯ ಡಬ್ಬಿ. ನಾನು ಬಾಗಿಲು ಅರ್ಧ ತೆರೆದು, ಒಳಗೆ ಬರಬೇಡಿರಿ, ಅಲ್ಲೇ ಇಟ್ಟು ಹೋಗಿರಿ ಎಂದು ಬೇಡಿಕೊಂಡೆ. ಅವರು ಬಾಗಿಲನ್ನು ಮೊಣಕೈಯಿಂದ ನೂಕಿ ಒಳಗೆ ಬಂದು ಡಬ್ಬಿ ಇಟ್ಟರು. ಆಮೇಲೆ ನನ್ನ ಗದ್ದ ಹಿಡಿದೆತ್ತಿ, ಬಾತ ಕಣ್ಣುಗಳನ್ನು ನೇರವಾಗಿ ನೋಡಿದರು. ನಾನು ಮುಖ ತಿರುಗಿಸಲು ಹೋದರೆ ಬಿಡಲಿಲ್ಲ.

"ಖರೆ ಹೇಳು ಬೇಟಿ. ನಮಗ ಹತ್ತೀತು ಅನ್ನೂ ಅಂಜಿಕಿಗೆ ಬರಲಿಲ್ಲೋ, ಅವರ ಕಣ್ಣ ಮುಂದ ನಿಂದ್ರಾಕ ನಾಚಿಕಿಯಾಗಿ ಬರಲಿಲ್ಲೋ?"

ಅಂಜಿಕೆಗೆ ಎಂದೆ. ಅದು ಪೂರ್ತಿ ನಿಜವಲ್ಲವೆಂದು ಹೇಳುತ್ತಿರುವಾಗಲೇ ನನಗೆ ಗೊತ್ತಾಯಿತು, ಅವರಿಗೂ ಗೊತ್ತಾಯಿತು. ಊರ ಮಂದಿಯೆಲ್ಲ ನೆರೆದಾಗ ಮದುಮಗಳ ಪಕ್ಕದಲ್ಲಿ ಕುಳಿತು, ಒಂದು ಕಣ್ಣಿನ ತಂದೆ ಓಡಾಡುವುದನ್ನು ನೋಡುವ ಗಳಿಗೆಯನ್ನು ನಾನು ಮೊದಲೇ ಹೆದರಿ ನೆನೆದಿದ್ದೆ. ಬೇನೆ ಬಂದದ್ದು ನೆವವಾಯಿತು.

"ಹುಡುಗಿ ನಿನ್ನ ಜಾಗ ಖಾಲಿ ಇಟ್ಟಿದ್ಲು" ಎಂದರು ಚಾಚಿ. "ಯಾರನ್ನೂ ಕೂಡ್ರಗೊಡಲಿಲ್ಲ."

ಚಹಾ ಕುಡಿಯದೆ ಹೋಗಲಾರೆ ಎಂದು ಅವರೇ ಒಲೆ ಹೊತ್ತಿಸಿ ಮಾಡಿಕೊಂಡು ಕುಡಿದು, ಸಂಜೆಯ ಬಸ್ಸಿಗೆ ಹೋದರು. ಅವರು ಮುಟ್ಟಿದ ಲೋಟ, ಕೂತ ಚಾಪೆಯನ್ನೆಲ್ಲ ನೋಡುತ್ತ ನಾನು ಆ ವಾರವೆಲ್ಲ ಕಂಗಾಲಾಗಿದ್ದೆ. ಅಲ್ಲಿಂದ ಖಬರು ಬಂತು. ಅವರಿಗೆ ಏನೂ ಆಗಿರಲಿಲ್ಲ.

ಹುಡುಗಿ ಗಂಡನ ಊರಿಗೆ ಹೋದಳು. ಹೋಗುವಾಗ ಬಸ್ಸು ಶಿರಹಟ್ಟಿಯ ಮೇಲೆಯೇ ಹಾಯ್ದು ಹೋಯಿತಂತೆ. ಅವಳು ಇಳಿಯಲಿಲ್ಲ, ಯಾರ ಕೈಯಲ್ಲೂ ಹೇಳಿ ಕಳಿಸಲಿಲ್ಲ. ಮುಂದೆ ಅವಳಿಗೆ ಮಗುವಾದಾಗ ಲಕ್ಷ್ಮೇಶ್ವರಕ್ಕೆ ಹೋಗಿ ನೋಡಿ ಬಂದೆ. ಮಗುವನ್ನು ನನ್ನ ಕೈಗೆ ಕೊಟ್ಟಳು, ಹಾಲು ಕೊಟ್ಟಳು, ಕೇಳಿದ್ದಕ್ಕೆಲ್ಲ ಮರ್ಯಾದೆಯಿಂದ ಉತ್ತರ ಹೇಳಿದಳು. ತಾನಾಗಿ ಒಂದು ಮಾತೂ ಆಡಲಿಲ್ಲ.